ಊಟದ ಮೇಲೆ ಎದ್ದು ನಿಂತು ನಗಿಸುವುದು: ಅಮೆರಿಕದ ಔತಣ ಭಾಷಣದ ಒಳಗುಟ್ಟು

ಪ್ರಶ್ನೆ: ನ್ಯೂಜೆರ್ಸಿಯ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಮುಂದಿನ ತಿಂಗಳು ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯ ಔತಣದಲ್ಲಿ ಊಟವಾದ ಮೇಲೆ ಐದಾರು ನಿಮಿಷ ನಗಿಸುವಂತೆ ಮಾತಾಡಿ ಟೋಸ್ಟ್ ಹೇಳಬೇಕೆಂದು ನನಗೆ ವಹಿಸಿದ್ದಾರೆ. ಊರಿನ ನಗೆಹಬ್ಬಗಳನ್ನು ಕೇಳಿ ಬೆಳೆದವನು ನಾನು, ಜೋಕುಗಳಿಗೆ ಬರವಿಲ್ಲ. ಆದರೆ ಇಲ್ಲಿಯ ಇಂಥ ಕೂಟಗಳಲ್ಲಿ ಯಾರೂ ಜೋಕು ಹೇಳುವುದಿಲ್ಲ, ಆದರೂ ಜನ ಬಿದ್ದು ಬಿದ್ದು ನಗುತ್ತಾರೆ. ಏನಿದು ಪದ್ಧತಿ? ಹೇಗೆ ತಯಾರಾಗಲಿ?

ಉತ್ತರ: ಜೋಕಿಲ್ಲದೆ ಜನ ಏಕೆ ನಕ್ಕರು ಎಂಬುದು ತಿಳಿದರೆ ಈ ಪದ್ಧತಿ ಮುಕ್ಕಾಲು ಪಾಲು ತಿಳಿದಂತೆ. ಅಮೆರಿಕದ ಔತಣ ಭಾಷಣದಲ್ಲಿ ನಗು ಹುಟ್ಟುವುದು ಆ ರಾತ್ರಿ ಆ ಮೇಜುಗಳ ಸುತ್ತ ಕೂತವರಿಗೆಲ್ಲ ಮೊದಲೇ ಗೊತ್ತಿರುವ ಸಂಗತಿಯಿಂದ. ಅದೇ ಮಾತನ್ನು ಪಕ್ಕದ ಹಾಲ್‌ಗೆ ಒಯ್ದರೆ ಒಬ್ಬರೂ ನಗುವುದಿಲ್ಲ. ನಗೆಹಬ್ಬದಲ್ಲಿ ಎದುರಿಗೆ ಕೂತ ಸಾವಿರ ಜನ ಒಬ್ಬರಿಗೊಬ್ಬರು ಅಪರಿಚಿತರು. ಹಾಗಾಗಿ ಗಂಡ-ಹೆಂಡತಿ, ಮೇಷ್ಟ್ರು-ಹುಡುಗ, ಬಸ್ ಕಂಡಕ್ಟರ್ ಎಂದು ಎಲ್ಲರಿಗೂ ಸಲ್ಲುವ ಸರಕೇ ಬೇಕು, ಅದು ಧಾರವಾಡದಲ್ಲೂ ನಡೆಯಬೇಕು, ಮಂಡ್ಯದಲ್ಲೂ ನಡೆಯಬೇಕು. ಎರಡೂ ಕಷ್ಟದ ಕಲೆಗಳೇ. ಒಂದರ ಸರಕನ್ನು ಇನ್ನೊಂದರಲ್ಲಿ ಸುರಿದಾಗ ಮಾತ್ರ ಕೆಡುತ್ತದೆ.

ಇದರ ಬೇರು ಟೋಸ್ಟ್‌ನಲ್ಲಿದೆ, ಅಂದರೆ ಒಬ್ಬರ ಇಲ್ಲವೇ ಒಂದು ವಿಷಯದ ಹೆಸರು ಹೇಳಿ ಎಲ್ಲರೂ ಲೋಟ ಎತ್ತಿ ಕುಡಿಯುವ ಪದ್ಧತಿಯಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜುಲೈ 4ರ ಔತಣಗಳಲ್ಲಿ 13 ರಾಜ್ಯಗಳ ಲೆಕ್ಕಕ್ಕೆ 13 ಟೋಸ್ಟ್‌ಗಳನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುತ್ತಿದ್ದರು. ಅವು ಮುಗಿದ ಮೇಲೆ ಬಂದವರು ತಮ್ಮಿಷ್ಟದ್ದನ್ನು ಸೇರಿಸುತ್ತಿದ್ದರು. 19ನೆಯ ಶತಮಾನದಲ್ಲಿ ಒಂದೊಂದು ಟೋಸ್ಟ್‌ಗೂ ಒಬ್ಬರು ಎದ್ದು ಉತ್ತರ ಹೇಳುವುದು ರೂಢಿಯಾಯಿತು: ಸೇನೆಯ ಹೆಸರಿನಲ್ಲಿ ಒಬ್ಬರು, ಪತ್ರಿಕೆಗಳ ಹೆಸರಿನಲ್ಲಿ ಒಬ್ಬರು, ಮಹಿಳೆಯರ ಹೆಸರಿನಲ್ಲಿ ಒಬ್ಬರು. ವಿಷಯ ಬೇರೆಯವರು ಕೊಟ್ಟದ್ದು, ಗಡಿಯಾರ ಮಧ್ಯರಾತ್ರಿಯ ಹತ್ತಿರ, ಕೇಳುವವರ ಹೊಟ್ಟೆ ಭಾರ. ಇಷ್ಟು ಅಡಚಣೆಗಳ ನಡುವೆ ಮಾತು ಹಿಡಿದು ನಿಲ್ಲಿಸಬೇಕಾದರೆ ಹಾಸ್ಯ ಬೇಕೇ ಬೇಕಾಯಿತು. ನ್ಯೂ ಇಂಗ್ಲೆಂಡ್ ಎಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳು. ಆ ಸೀಮೆಯ ಮೂಲದವರು ನ್ಯೂಯಾರ್ಕಿನಲ್ಲಿ ಕಟ್ಟಿಕೊಂಡ ನ್ಯೂ ಇಂಗ್ಲೆಂಡ್ ಸೊಸೈಟಿ 1805ರಲ್ಲಿ ಹುಟ್ಟಿದ್ದು. ಇಂಗ್ಲೆಂಡಿನಿಂದ ಬಂದ ವಲಸಿಗರು ಆ ಸೀಮೆಯ ಪ್ಲಿಮತ್‌ನಲ್ಲಿ ನೆಲೆಯೂರಿದ ನೆನಪಿಗೆ ಡಿಸೆಂಬರ್ 22ರಂದು ಅದು ನಡೆಸುತ್ತಿದ್ದ ಔತಣ ಈ ಕಲೆಯ ದೊಡ್ಡ ಅಖಾಡವಾಯಿತು. 1876ರಲ್ಲಿ ಅಲ್ಲಿ ಹಾಸ್ಯ ಸಾಹಿತಿ ಮಾರ್ಕ್ ಟ್ವೈನ್ ಎತ್ತಿಕೊಂಡ ವಿಷಯ ನ್ಯೂ ಇಂಗ್ಲೆಂಡಿನ ಹವಾಮಾನ. ವಸಂತದಲ್ಲಿ 24 ಗಂಟೆಗಳೊಳಗೆ 136 ಬಗೆಯ ಹವೆಯನ್ನು ಎಣಿಸಿದ್ದೇನೆಂದು ಅವನು ಹೇಳಿದಾಗ ನಕ್ಕವರೆಲ್ಲ ಆ ಮಳೆ, ಆ ಹಿಮ, ಆ ಬಿಸಿಲನ್ನು ಒಂದೇ ದಿನ ಕಂಡವರು.

ಮುಖಭಾವದ ವಿಷಯದಲ್ಲಿ ಟ್ವೈನ್‌ಗೂ ಮುಂಚಿನ ಗುರು ಹಾಸ್ಯ ಭಾಷಣಕಾರ ಆರ್ಟೆಮಸ್ ವಾರ್ಡ್. ನಿಜವಾದ ಹೆಸರು ಚಾರ್ಲ್ಸ್ ಫಾರರ್ ಬ್ರೌನ್, 1834ರಲ್ಲಿ ಹುಟ್ಟಿ 33 ತುಂಬುವ ಮೊದಲೇ ತೀರಿಕೊಂಡವನು. 1862ರ ಸೆಪ್ಟೆಂಬರ್ 22ರಂದು ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಯನ್ನು ಸಚಿವರ ಮುಂದಿಡುವ ಮುನ್ನ ಗಟ್ಟಿಯಾಗಿ ಓದಿದ್ದು ಇವನದೇ ಒಂದು ಹಾಸ್ಯ ಬರಹವನ್ನು. ವೇದಿಕೆಯ ಮೇಲೆ ವಾರ್ಡ್ ದುಃಖದಲ್ಲಿದ್ದವನಂತೆ ನಿಲ್ಲುತ್ತಿದ್ದ. ಜನ ನಕ್ಕರೆ ಏಕೆ ನಕ್ಕರೆಂದು ತಿಳಿಯದವನಂತೆ ನೋಡುತ್ತಿದ್ದ. ಟ್ವೈನ್ ಇದನ್ನು 1895ರ ಒಂದು ಪ್ರಬಂಧದಲ್ಲಿ ನಿಯಮವಾಗಿಯೇ ಬರೆದಿಟ್ಟ: ಹೇಳುತ್ತಿರುವ ಸಂಗತಿಯಲ್ಲಿ ನಗುವಂಥದ್ದೇನಾದರೂ ಇದೆಯೆಂಬ ಅನುಮಾನವೇ ತನಗಿಲ್ಲವೆಂಬಂತೆ ಹೇಳಬೇಕು. ಹೊಸಬರಿಗೆ ಇದರಿಂದ ದೊಡ್ಡ ಉಪಕಾರವಿದೆ. ನೀವೇ ನಗುತ್ತ ಹೇಳಿದ ಮಾತಿಗೆ ಸಭೆ ನಗದಿದ್ದರೆ ಸೋಲು ಎಲ್ಲರಿಗೂ ಕಾಣುತ್ತದೆ. ಗಂಭೀರವಾಗಿ ಹೇಳಿದ್ದಕ್ಕೆ ನಗದಿದ್ದರೆ ಅದೊಂದು ಸಾಮಾನ್ಯ ವಾಕ್ಯವಾಗಿ ದಾಟಿಹೋಗುತ್ತದೆ, ನೀವು ಮುಂದಕ್ಕೆ ಹೋಗಬಹುದು.

ಇನ್ನು ಎರಡು ರಾತ್ರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಈ ಕಲೆಯ ಬಗ್ಗೆ ಇವಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಡರಲ್ಲೂ ಮಾತಾಡಿದವನು ಟ್ವೈನ್.

ಮೊದಲನೆಯದು 1877ರ ಡಿಸೆಂಬರ್ 17, ಬಾಸ್ಟನ್ನಿನ ಹೋಟೆಲ್ ಬ್ರನ್ಸ್‌ವಿಕ್. ಕವಿ ವಿಟಿಯರ್‌ಗೆ 70 ತುಂಬಿದ ಸಂಭ್ರಮಕ್ಕೆ ಅಟ್ಲಾಂಟಿಕ್ ಮಾಸಪತ್ರಿಕೆಯವರ ಔತಣ. ಆ ಕಾಲದ ಹಿರಿಯ ಸಾಹಿತಿಗಳಾದ ಎಮರ್ಸನ್, ಲಾಂಗ್‌ಫೆಲೊ, ಹೋಮ್ಸ್ ಮೂವರೂ ಹಾಜರು. 42ರ ಟ್ವೈನ್ ಒಂದು ಕಲ್ಪಿತ ಪ್ರಸಂಗ ಹೇಳಿದ. ಸಿಯೆರಾ ಬೆಟ್ಟಗಳಲ್ಲಿ ಒಬ್ಬಂಟಿಯಾಗಿರುವ ಗಣಿಗಾರನ ಗುಡಿಸಲಿಗೆ ಮೂವರು ಅಲೆಮಾರಿಗಳು ನುಗ್ಗುತ್ತಾರೆ, ತಮ್ಮ ಹೆಸರು ಎಮರ್ಸನ್, ಲಾಂಗ್‌ಫೆಲೊ, ಹೋಮ್ಸ್ ಎನ್ನುತ್ತಾರೆ. ಅವನ ವಿಸ್ಕಿ ಕುಡಿದು, ಇಸ್ಪೀಟಿನಲ್ಲಿ ಮೋಸ ಮಾಡಿ, ಕವಿತೆಯ ಸಾಲುಗಳನ್ನು ಉದುರಿಸುತ್ತ ಬೆಳಗಿನಲ್ಲಿ ಅವನ ಬೂಟು ಹಾಕಿಕೊಂಡು ಹೊರಟುಹೋಗುತ್ತಾರೆ. ಹೋಮ್ಸ್ ಹೆಸರಿನವನು ಬಲೂನಿನಂತೆ ದಪ್ಪ, ಎಮರ್ಸನ್ ಹೆಸರಿನವನು ಹರಕು ವೇಷದ ಕುಳ್ಳ. ಅವರು ಸೋಗಿನವರು ಎಂದು ಟ್ವೈನ್ ವಿವರಿಸಿದಾಗ ಗಣಿಗಾರ ಯೋಚಿಸಿ ಕೇಳುತ್ತಾನೆ: ಹಾಗಾದರೆ ನೀನು?

ಕಾಗದದ ಮೇಲೆ ಇದು ಅದ್ಭುತ. ಕೊನೆಯ ಪೆಟ್ಟು ಟ್ವೈನ್‌ನ ಮೇಲೇ ಬೀಳುತ್ತದೆ, ಹೆಸರಿನ ಮಹಿಮೆ ಎಷ್ಟು ಪೊಳ್ಳು ಎಂಬ ಗಂಭೀರ ಪ್ರಶ್ನೆಯೂ ಅಡಗಿದೆ. ಮರುದಿನದ ಬಾಸ್ಟನ್ ಪತ್ರಿಕೆಗಳಲ್ಲಿ ಸಭಿಕರು ನಕ್ಕರೆಂಬ ವರದಿಗಳೂ ಬಂದವು. ಆದರೆ ಕೆಲವೇ ದಿನಗಳಲ್ಲಿ ಖಂಡನೆ ಎದ್ದಿತು, ಟ್ವೈನ್ ಕುಗ್ಗಿಹೋಗಿ ಮೂವರಿಗೂ ಕ್ಷಮೆ ಕೋರಿ ಪತ್ರ ಬರೆದ. ಎಡವಿದ್ದೆಲ್ಲಿ? ತನ್ನ ಮೇಲಿನ ಪೆಟ್ಟು ಕೊನೆಯ ಸಾಲಿನಲ್ಲಿ ಬಂತು. ಅಲ್ಲಿಯವರೆಗೆ ಸಭೆ ಕಂಡದ್ದು ಮೂವರು ಹಿರಿಯರ ಹೆಸರಿನಲ್ಲಿ ಕುಡಿತ ಮತ್ತು ಕಳ್ಳತನವನ್ನು. ಎಮರ್ಸನ್‌ಗೆ ಆಗ 74, ನೆನಪು ಮಾಸುತ್ತಿತ್ತು, ನಗುತ್ತ ಎದ್ದು ಉತ್ತರಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಉತ್ತರಿಸಲಾಗದವರ ಮೇಲೆ ತಮಾಷೆ ಹೂಡಬಾರದು. ಜೊತೆಗೆ, ಆ ರಾತ್ರಿಯ ಗೌರವ ವಿಟಿಯರ್‌ಗೆ ಸಲ್ಲಬೇಕಿತ್ತು. ಪ್ರಸಂಗದಲ್ಲಿ ವಿಟಿಯರ್ ಇರಲೇ ಇಲ್ಲ.

ಎರಡನೆಯದು 1879ರ ನವೆಂಬರ್ 13, ಷಿಕಾಗೋದ ಪಾಮರ್ ಹೌಸ್. ಅಂತರ್ಯುದ್ಧದ ಟೆನೆಸಿ ಸೈನ್ಯದವರು ತಮ್ಮ ಜನರಲ್ ಗ್ರಾಂಟ್‌ಗೆ ಕೊಟ್ಟ ಔತಣ. 15 ಟೋಸ್ಟ್‌ಗಳಲ್ಲಿ ಕೊನೆಯದು ಟ್ವೈನ್‌ನದು, ಅವನು ಏಳುವ ಹೊತ್ತಿಗೆ ಮಧ್ಯರಾತ್ರಿ ಎಂದೋ ಕಳೆದಿತ್ತು. ಅವನು ಆರಿಸಿಕೊಂಡ ವಿಷಯ ಶಿಶುಗಳು. ನಾವೆಲ್ಲ ಜನರಲ್‌ಗಳಾಗಿರಲಿಲ್ಲ, ಕವಿಗಳಾಗಿರಲಿಲ್ಲ, ಆದರೆ ಎಲ್ಲರೂ ಒಮ್ಮೆ ಶಿಶುಗಳಾಗಿದ್ದೆವು ಎಂದು ಶುರುಮಾಡಿ, ಮಗು ಮನೆಗೆ ಬಂದ ದಿನ ನೀವೆಲ್ಲ ಅಧಿಕಾರಕ್ಕೆ ರಾಜೀನಾಮೆ ಕೊಡಬೇಕಾಯಿತು ಎಂದ. ಡಾನೆಲ್‌ಸನ್ ಮತ್ತು ವಿಕ್ಸ್‌ಬರ್ಗ್‌ಗಳ ಗುಂಡಿನ ಮಳೆಗೆ ಎದೆಯೊಡ್ಡಿದವರು ಆ ಪುಟ್ಟ ಕೈ ಮೀಸೆ ಹಿಡಿದು ಜಗ್ಗಿದಾಗ ತೆಪ್ಪಗೆ ಸಹಿಸಿದಿರಿ ಎಂದ. ಪ್ರತಿ ವಾಕ್ಯವೂ ಸೈನಿಕರ ಮಾತಿನಲ್ಲೇ, ಅವರ ಶೌರ್ಯವನ್ನು ಒಪ್ಪಿಕೊಂಡೇ. ಕೊನೆಗೆ, ಮುಂದೊಂದು ದಿನ ಈ ದೇಶದ ಸೇನಾಪತಿಯಾಗುವವನು ಈ ಗಳಿಗೆಯಲ್ಲಿ ತೊಟ್ಟಿಲಲ್ಲಿ ಮಲಗಿ ಕಾಲಿನ ಹೆಬ್ಬೆರಳನ್ನು ಬಾಯಿಗೆ ತರುವ ಉಪಾಯ ಹುಡುಕುತ್ತಿದ್ದಾನೆ, ನಮ್ಮ ಇಂದಿನ ಅತಿಥಿಯೂ ಸುಮಾರು 56 ವರ್ಷಗಳ ಹಿಂದೆ ತನ್ನ ಪೂರ್ಣ ಗಮನವನ್ನು ಅದಕ್ಕೇ ಕೊಟ್ಟಿದ್ದರು ಎಂದ. ಸಭೆ ಸ್ತಬ್ಧವಾಯಿತು. ಗ್ರಾಂಟ್‌ನಂಥವನ ಮೇಲೆ ಇಂಥ ಮಾತೇ? ಟ್ವೈನ್ ಆ ಮೌನವನ್ನು ಬೇಕೆಂದೇ ಹಾಗೇ ಬಿಟ್ಟು, ಆಮೇಲೆ ಮುಗಿಸಿದ: ಮಗುವಿನಲ್ಲೇ ಮುಂದಿನ ಮನುಷ್ಯ ಕಾಣುತ್ತಾನೆ ಎಂಬುದು ನಿಜವಾದರೆ, ಅವರು ಆಗಲೂ ಗೆದ್ದರೆಂಬುದರಲ್ಲಿ ಅನುಮಾನಪಡುವವರು ತೀರ ಕಡಿಮೆ. ಅಷ್ಟು ಹೊತ್ತೂ ಕಲ್ಲಿನಂತೆ ಕೂತಿದ್ದ ಗ್ರಾಂಟ್ ಕೂಡ ತಡೆಯಲಾರದೆ ನಕ್ಕ.

ವ್ಯತ್ಯಾಸ ನೋಡಿ. ಎರಡರಲ್ಲೂ ದೊಡ್ಡವರನ್ನು ಕೆಳಗಿಳಿಸಿದ್ದೇ. ಷಿಕಾಗೋದಲ್ಲಿ ಇಳಿಸಿದ್ದು ಎಲ್ಲ ಮನುಷ್ಯರೂ ಹಾದು ಬಂದ ಜಾಗಕ್ಕೆ, ಮತ್ತೆ ಕೊನೆಯ ಪದದಲ್ಲಿ ಮೇಲಕ್ಕೆತ್ತಿದ್ದೂ ಆಯಿತು. ನಿಮ್ಮ ಭಾಷಣಕ್ಕೂ ಇದೇ ಮಾದರಿ.

ಸಭೆಯ ಉಸಿರು ಕಟ್ಟಿಸಿ ಬಿಡುವ ಈ ಉಪಾಯವನ್ನು ಅಟ್ಲಾಂಟಾದ ಸಂಪಾದಕ ಹೆನ್ರಿ ಗ್ರೇಡಿ 1886ರ ಡಿಸೆಂಬರ್ 22ರಂದು ನ್ಯೂ ಇಂಗ್ಲೆಂಡ್ ಸೊಸೈಟಿಯಲ್ಲಿ ಬಳಸಿದ. ಅವನಿಗಿಂತ ಮೊದಲು ಮಾತಾಡಿದವನು ಅಂತರ್ಯುದ್ಧದಲ್ಲಿ ಉತ್ತರದ ಸೇನೆಯೊಂದಿಗೆ ಬಂದು 1864ರಲ್ಲಿ ದಕ್ಷಿಣದ ಅಟ್ಲಾಂಟಾವನ್ನು ಸುಟ್ಟ ಜನರಲ್ ಶರ್ಮನ್. ಗ್ರೇಡಿ ಎದ್ದು, ನಮ್ಮ ಕಡೆ ಶರ್ಮನ್‌ರನ್ನು ಸಮರ್ಥರೆಂದೇ ಎಣಿಸುತ್ತಾರೆ, ಬೆಂಕಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಅಜಾಗರೂಕರು ಎಂದು ಕೆಲವರ ಅಭಿಪ್ರಾಯ ಎಂದ. ಇಪ್ಪತ್ತೆರಡು ವರ್ಷಗಳ ಗಾಯ ಒಂದು ವಾಕ್ಯದಲ್ಲಿ ನಗುವಾಯಿತು. ಇದೇ ಗ್ರೇಡಿ ಬೇರೆ ವೇದಿಕೆಗಳಲ್ಲಿ ಬಿಳಿಯರ ಮೇಲುಗೈ ಎಂದೆಂದಿಗೂ ಉಳಿಯಬೇಕೆಂದು ವಾದಿಸಿದವನು ಎಂಬುದನ್ನೂ ಮರೆಯಬಾರದು. ಔತಣದ ನಗು ಮೇಜಿನ ಸುತ್ತ ಕೂತವರನ್ನು ಒಂದುಮಾಡುತ್ತದೆ, ಹೊರಗೆ ಉಳಿದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವಾಷಿಂಗ್ಟನ್ನಿನ ಪತ್ರಕರ್ತರ ಗ್ರಿಡೈರನ್ ಕ್ಲಬ್ 1885ರಲ್ಲಿ ಶುರುವಾಗಿ 1975ರವರೆಗೆ ಒಬ್ಬ ಮಹಿಳೆಯನ್ನೂ ಸದಸ್ಯೆಯಾಗಿ ಸೇರಿಸಿಕೊಂಡಿರಲಿಲ್ಲ.

ಆ ಕ್ಲಬ್ಬಿನ ಧ್ಯೇಯವಾಕ್ಯ ಮಾತ್ರ ನಿಮಗೆ ಕೆಲಸಕ್ಕೆ ಬರುವಂಥದ್ದು: ಬಿಸಿ ತಾಗಿಸು, ಸುಡಬೇಡ. 1958ರಲ್ಲಿ ಅಲ್ಲಿ ಜಾನ್ ಕೆನಡಿ ತನ್ನ ಸಿರಿವಂತ ತಂದೆಯಿಂದ ಬಂದ ತಂತಿ ಎಂದು ಒಂದನ್ನು ಓದಿದ: ಬೇಕಾದ್ದಕ್ಕಿಂತ ಒಂದು ಮತವನ್ನೂ ಹೆಚ್ಚಾಗಿ ಕೊಳ್ಳಬೇಡ, ಭಾರೀ ಬಹುಮತಕ್ಕೆಲ್ಲ ನಾನು ದುಡ್ಡು ಕೊಡುವವನಲ್ಲ. ವಿರೋಧಿಗಳು ಪಿಸುಗುಟ್ಟುತ್ತಿದ್ದ ಆರೋಪವನ್ನು ತಾನೇ ಎತ್ತಿ, ದೊಡ್ಡದು ಮಾಡಿ, ಅವರ ಕೈಯಿಂದ ಕಿತ್ತುಕೊಂಡಂತಾಯಿತು. ಮಾತು ಶುರುವಾಗುವಾಗ ಮೊದಲ ಬಾಣ ತನ್ನ ಮೇಲೇ ಎಂಬುದು ಈ ಪರಂಪರೆಯ ಶಿಷ್ಟಾಚಾರ. ಅಂತರಂಗದಲ್ಲಿ ಸಭೆ ಆಗ, ಇವರು ನಮ್ಮನ್ನು ನೋಯಿಸಲು ನಿಂತವರಲ್ಲ ಎಂದು ನಿರಾಳವಾಗುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ಸರಕು ಕೂಡಿಸುವುದನ್ನು ಇವತ್ತೇ ಶುರುಮಾಡಿ. ಬೇರೆ ಬೇರೆ ಕಾಲದಲ್ಲಿ ಅವರ ಜೊತೆ ದುಡಿದ ಐದಾರು ಜನರನ್ನು ಕಾಣಿ. ಏನಾದರೂ ತಮಾಷೆಯ ಘಟನೆ ಇದೆಯಾ ಎಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಮೀಟಿಂಗಿನಲ್ಲಿ ಅವರು ಪದೇ ಪದೇ ಹೇಳುವ ಮಾತು ಯಾವುದು, ಅವರ ಮೇಜಿನ ಮೇಲಿಂದ ಯಾವ ವಸ್ತು ಕದಲುವುದೇ ಇಲ್ಲ, ಯಾವ ಸಣ್ಣ ತಪ್ಪಿಗೆ ರೇಗುತ್ತಾರೆ, ಇಮೇಲ್‌ಗೆ ಹೇಗೆ ಉತ್ತರ ಬರೆಯುತ್ತಾರೆ ಎಂದು ಕೇಳಿ. ಇಪ್ಪತ್ತು ಸಂಗತಿ ಸಿಗುತ್ತವೆ, ನಿಮಗೆ ಬೇಕಾದ್ದು ಮೂರು. ಕನಿಷ್ಠ ಮೂವರ ಬಾಯಲ್ಲಿ ಬಂದದ್ದನ್ನೇ ಇಟ್ಟುಕೊಳ್ಳಿ. ನಾಲ್ಕೇ ಜನಕ್ಕೆ ಗೊತ್ತಿರುವ ಪ್ರಸಂಗ ಎಷ್ಟೇ ರಸವತ್ತಾಗಿರಲಿ, ಅರವತ್ತು ಜನರ ಹಾಲ್‌ನಲ್ಲಿ ಐವತ್ತಾರು ಜನ ಸುಮ್ಮನೆ ಕೂರುತ್ತಾರೆ.

ಆಯ್ಕೆಗೆ ಒಂದು ಗೆರೆ ಎಳೆದುಕೊಳ್ಳಿ. ಅವರು ತಾವಾಗಿ ಆರಿಸಿಕೊಂಡದ್ದು, ಅಂದರೆ ಹಳೇ ಕಾಫಿ ಮಗ್, ಮೂರು ಪುಟದ ಇಮೇಲ್, ಡಿಸೆಂಬರಿನಲ್ಲೂ ತೆರೆದಿಡುವ ಕಿಟಕಿ ನಡೆಯುತ್ತದೆ. ದೇಹ, ವಯಸ್ಸು, ಕಾಯಿಲೆ, ಧರ್ಮ, ಬಣ್ಣ, ಮಾತಿನ ಉಚ್ಚಾರ, ಮದುವೆಯ ಏರುಪೇರು, ಸಂಬಳ, ಕೆಲಸ ಕಳೆದುಕೊಂಡ ಸಹೋದ್ಯೋಗಿಗಳು, ಇವು ಯಾವುವೂ ಬೇಡ. ಎಲ್ಲಕ್ಕಿಂತ ಒಳ್ಳೆಯ ಸರಕೆಂದರೆ ಒಂದು ಗುಣದ ಇನ್ನೊಂದು ಮುಖವಾಗಿರುವ ಅಭ್ಯಾಸ. ಪ್ರತಿ ನಕ್ಷೆಯನ್ನೂ ಐದು ಸಲ ನೋಡುವವರೆಂದು ನೀವು ಛೇಡಿಸಿದರೆ, ಕೊನೆಯಲ್ಲಿ ಗಂಭೀರವಾಗಿ, ಆ ಐದನೇ ನೋಟದಿಂದಲೇ ನಮ್ಮ ಕೆಲಸ ಉಳಿಯಿತು ಎನ್ನಲು ದಾರಿ ತಾನಾಗಿ ತೆರೆಯುತ್ತದೆ. ಬರೆದದ್ದನ್ನು ಆ ರಾತ್ರಿ ಅವರ ಪಕ್ಕ ಕೂರುವ ಮನೆಯವರು ಕೇಳುತ್ತಿರುವಂತೆ ಊಹಿಸಿ ಓದಿ. ಅವರಿಗೆ ಮುಜುಗರವಾಗುವ ವಾಕ್ಯವನ್ನು ಹೊಡೆದುಹಾಕಿ. ಪೂರ್ತಿ ಬೈಗುಳದ ರೋಸ್ಟ್ ಬೇರೆಯೇ ಪ್ರಕಾರ. ನ್ಯೂಯಾರ್ಕಿನ ಫ್ರಯರ್ಸ್ ಕ್ಲಬ್ ಎಂಬ ಕಲಾವಿದರ ಕೂಟದಂಥ ಕಡೆ ಬೆಳೆದದ್ದು, ಬೈಸಿಕೊಳ್ಳುವವರು ಒಪ್ಪಿ ಬಂದು ಕೂರುವಂಥದ್ದು. ಆಫೀಸಿಗೆ ಅದು ಸಲ್ಲದು.

ಅಳತೆ ಹೀಗಿರಲಿ. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 130 ಪದ ಹಿತವಾದ ವೇಗ. ಆರು ನಿಮಿಷಕ್ಕೆ 780 ಎಂದು ಬರೆದರೆ ಕೆಟ್ಟಿತು, ನಗುವಿಗೆ ಜಾಗವೇ ಇರುವುದಿಲ್ಲ. ಒಂದೊಂದು ನಗು ಮೂರರಿಂದ ಐದು ಸೆಕೆಂಡ್ ತಿನ್ನುತ್ತದೆ, ಹನ್ನೆರಡು ನಗು ಬಂದರೆ ಒಂದು ನಿಮಿಷ ಹೋಯಿತು. 600ರಿಂದ 650 ಪದಗಳಲ್ಲಿ ಮುಗಿಸಿ. ನೀವು ಯಾರು, ಅವರಿಗೂ ನಿಮಗೂ ಏನು ನಂಟು ಎಂಬುದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡ್, ನಿಮ್ಮ ಮೇಲಿನ ಮೊದಲ ನಗು ಅದರೊಳಗೇ ಬರಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಅವರ ಮಾತನ್ನು ನೀವು ತಪ್ಪಾಗಿ ತಿಳಿದು ಮಾಡಿದ ಎಡವಟ್ಟು ಒಳ್ಳೆಯ ಆರಂಭ. ನಿಮ್ಮ ಉಚ್ಚಾರ, ನಿಮ್ಮ ದೇಶ, ಊಟದ ಮಸಾಲೆ ಇವುಗಳ ಮೇಲೆ ನೀವೇ ತಮಾಷೆ ಮಾಡಿಕೊಳ್ಳುವುದು ಬೇಡ. ಅದಕ್ಕೆ ನಗಬೇಕೋ ಬೇಡವೋ ಎಂದು ಅಲ್ಲಿಯವರು ಇಕ್ಕಟ್ಟಿಗೆ ಸಿಕ್ಕುತ್ತಾರೆ. ಆಮೇಲೆ ಮೂರು ಸಂಗತಿಗಳು, ಒಂದೊಂದಕ್ಕೆ ನಿಮಿಷದ ಮೇಲೆ ಚೂರು, ಬಲವಾದದ್ದು ಮೂರನೆಯದಾಗಿ. ಮೊದಲ ಸಂಗತಿಯ ಒಂದು ಪದವನ್ನು ಮೂರನೆಯದರಲ್ಲಿ ಅನಿರೀಕ್ಷಿತವಾಗಿ ಮತ್ತೆ ತನ್ನಿ. ನಿಮ್ಮ ಭಾಷಣದ ಅತಿ ದೊಡ್ಡ ನಗು ಬಹುಮಟ್ಟಿಗೆ ಅಲ್ಲೇ ಬರುತ್ತದೆ. ಬಳಿಕ ನಲವತ್ತು ಸೆಕೆಂಡ್ ಗಂಭೀರ ಮಾತು. ಇದರಲ್ಲಿ ಒಂದೇ ಒಂದು ನಿರ್ದಿಷ್ಟ ಉಪಕಾರವನ್ನು ಹೇಳಿ. ಮಹಾನ್ ನಾಯಕ, ಸ್ಫೂರ್ತಿಯ ಸೆಲೆ ಎಂಬಂಥ ಮಾತುಗಳು ಬಂದ ಕೂಡಲೇ ಕಟ್ಟಿದ್ದೆಲ್ಲ ಇಳಿದುಹೋಗುತ್ತದೆ.

ವಾಕ್ಯದ ಜೋಡಣೆಯಲ್ಲಿ ಕನ್ನಡಿಗರು ಎಚ್ಚರವಹಿಸಬೇಕಾದ ಒಂದು ಜಾಗವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಚ್ಚರಿ ತಾನಾಗಿ ತುದಿಗೆ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ. ನಗು ತರುವ ಪದ ಮಧ್ಯದಲ್ಲಿ ಬಂದು, ಅದರ ಹಿಂದೆ ನಿನ್ನೆ, ಆಫೀಸಿನಲ್ಲಿ, ಎಲ್ಲರ ಎದುರಿಗೆ ಎಂಬ ಬಾಲ ಉಳಿದರೆ ಜನ ನಗಲು ಹೊರಟು ನಿಲ್ಲುತ್ತಾರೆ. ಕಾಲ, ಸ್ಥಳ, ವಿವರಗಳನ್ನೆಲ್ಲ ಮುಂಚೆ ಹೇಳಿಬಿಡಿ. ನಗುವಿನ ಪದವೇ ಕೊನೆಯ ಪದವಾಗಲಿ. ಗ್ರಾಂಟ್ ಗೆದ್ದರೆಂಬುದು ಟ್ವೈನ್‌ನ ಇಂಗ್ಲಿಷಿನಲ್ಲಿ ಕಟ್ಟಕಡೆಯ ಪದ.

ನಗು ಎದ್ದಾಗ ಬಾಯಿ ಮುಚ್ಚಿ ನಿಲ್ಲುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ನಗು ಏರಿ, ಇಳಿದು, ಮೂರನೇ ಒಂದರಷ್ಟು ಉಳಿದಾಗ ಮುಂದಿನ ವಾಕ್ಯ ಎತ್ತಿ. ಬೇಗ ಎತ್ತಿದರೆ ಮಾತು ತಪ್ಪೀತೆಂದು ಜನ ಮುಂದಿನ ಸಲ ನಗುವನ್ನೇ ತಡೆದುಕೊಳ್ಳುತ್ತಾರೆ, ಸಭೆ ಕ್ರಮೇಣ ತಣ್ಣಗಾಗುತ್ತದೆ. ನಗು ಬಾರದಿದ್ದರೆ ವಿವರಿಸಬೇಡಿ, ಅದೇ ಮುಖದಲ್ಲಿ ಮುಂದೆ ಹೋಗಿ.

ಬಾಯಿಪಾಠದ ವಿಷಯದಲ್ಲಿ ಟ್ವೈನ್ ಪಟ್ಟ ಪಾಡು ಉಪಯುಕ್ತ. ಮೊದಲು ವಾಕ್ಯಗಳ ಆರಂಭವನ್ನು ಕಾಗದದಲ್ಲಿ ಬರೆದುಕೊಂಡ, ಯಾವುದರ ನಂತರ ಯಾವುದೆಂದು ಕಲಸಿಹೋಯಿತು. ಆಮೇಲೆ ಹತ್ತು ಬೆರಳಿನ ಉಗುರುಗಳ ಮೇಲೆ ಮೊದಲ ಅಕ್ಷರಗಳನ್ನು ಶಾಯಿಯಲ್ಲಿ ಬರೆದುಕೊಂಡ, ಜನ ಇವನ ಕೈಗೇನಾಗಿದೆ ಎಂದು ಕೇಳತೊಡಗಿದರು. ಕೊನೆಗೆ ಒಂದೊಂದು ಭಾಗಕ್ಕೆ ಒಂದೊಂದು ಗೀಚು ಚಿತ್ರ ಬರೆದ, ಒಂದಕ್ಕೆ ಹುಲ್ಲಿನ ಬಣವೆ, ಇನ್ನೊಂದಕ್ಕೆ ಮಿಂಚು. ಬರೆದ ಮೇಲೆ ಕಾಗದ ಎಸೆದರೂ ಚಿತ್ರ ಕಣ್ಣಲ್ಲಿ ಉಳಿಯಿತು. ನೀವೂ ಮೂರು ಸಂಗತಿಗೆ ಮೂರು ಚಿತ್ರ ಬರೆದು ನೋಡಿ. ಭದ್ರತೆಗೆ ಅಂಗೈಯಗಲದ ಒಂದು ರಟ್ಟಿನ ಚೀಟಿಯಲ್ಲಿ ಐದು ಪದ ಮತ್ತು ಟೋಸ್ಟ್‌ನ ಸಾಲು ಸಾಕು. ಫೋನ್ ನೋಡಿ ಓದಬೇಡಿ. ಪರದೆ ಆರಿಹೋಗುತ್ತದೆ, ಬೆಳಕು ಮುಖಕ್ಕೆ ಹೊಡೆಯುತ್ತದೆ, ಕಣ್ಣು ಅತಿಥಿಯ ಕಡೆ ಏಳುವುದೇ ಇಲ್ಲ. ನಿಂತುಕೊಂಡು, ದನಿ ಎತ್ತಿ, ಗಡಿಯಾರ ಇಟ್ಟುಕೊಂಡು ಆರೇಳು ಸಲ ಹೇಳಿ. ಒಮ್ಮೆಯಾದರೂ ಆ ಆಫೀಸಿನವರೊಬ್ಬರ ಮುಂದೆ ಹೇಳಿ. ಅಭ್ಯಾಸಕ್ಕೆ ಜಾಗ ಬೇಕಿದ್ದರೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಇದೆ. 1924ರಲ್ಲಿ ರಾಲ್ಫ್ ಸ್ಮೆಡ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುಮಾಡಿದ್ದು, ಇವತ್ತು ಬೆಂಗಳೂರಿನಲ್ಲೂ ಬೇಕಾದಷ್ಟಿವೆ. ಸಾಮಾನ್ಯ ಭಾಷಣಕ್ಕೆ ಐದನೇ ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸುತ್ತಾರೆ. ನಿಮಗೆ ಬೇಕಾದ್ದೂ ಅದೇ ಅಳತೆ.

ಆ ದಿನ ಹಾಲ್‌ನ ಮೇಲ್ವಿಚಾರಕರಿಗೆ ಮೊದಲೇ ಒಂದು ಮಾತು ಹೇಳಿಡಿ: ಸಿಹಿ ಮತ್ತು ಕಾಫಿ ಬಡಿಸಿ ಮುಗಿದ ಮೇಲೆ ನಿಮ್ಮ ಮಾತು, ಅದು ಮುಗಿಯುವವರೆಗೆ ತಟ್ಟೆ ಎತ್ತುವುದು ಬೇಡ. ಪಿಂಗಾಣಿಯ ಸದ್ದು ಕೊನೆಯ ಪದವನ್ನು ನುಂಗಿದರೆ ಆ ನಗು ಮತ್ತೆ ಸಿಗುವುದಿಲ್ಲ. ಮೈಕನ್ನು ಗದ್ದಕ್ಕೆ ಮೂರು ಬೆರಳಿನ ಅಂತರದಲ್ಲಿ ಹಿಡಿದು, ತಲೆ ತಿರುಗಿಸಿದಾಗ ಮೈಕೂ ಜೊತೆಗೆ ತಿರುಗುವಂತೆ ನೋಡಿಕೊಳ್ಳಿ. ಮಾತಿಗೆ ಮುಂಚೆ ಮದ್ಯ ಬೇಡ. ಟೋಸ್ಟ್ ಹೇಳುವಾಗ ಎಲ್ಲರ ಲೋಟ ತುಂಬಿದೆಯೇ ನೋಡಿ, ಎದ್ದು ನಿಲ್ಲಲು ಕೇಳಿ, ಎಲ್ಲರೂ ಎದ್ದ ಮೇಲೆ ಒಂದೇ ಚಿಕ್ಕ ಸಾಲು ಹೇಳಿ ಅವರ ಹೆಸರಿನಲ್ಲಿ ಮುಗಿಸಿ ಲೋಟ ಎತ್ತಿ. ನಿಮ್ಮ ಲೋಟದಲ್ಲಿ ನೀರೋ ಹಣ್ಣಿನ ರಸವೋ ಇದ್ದರೆ ಏನೂ ಕೊರತೆಯಿಲ್ಲ. ಗೌರವ ಪಡೆಯುವವರು ಕೂತೇ ಇರುತ್ತಾರೆ, ತಮ್ಮದೇ ಟೋಸ್ಟ್‌ಗೆ ಕುಡಿಯುವುದಿಲ್ಲ. ಆಮೇಲೆ ಅವರು ಎದ್ದು ಉತ್ತರ ಹೇಳಬಹುದು, ನೀವು ತಕ್ಷಣ ಕೂತುಬಿಡಿ.

ನಿಮ್ಮ ಮೊದಲು ಮಾತಾಡುವವರು ನಿಮ್ಮ ಸಂಗತಿಯನ್ನೇ ಹೇಳಿಬಿಡುವ ಸಂಭವವಿದೆ, ಏಕೆಂದರೆ ಎಲ್ಲರಿಗೂ ಗೊತ್ತಿರುವುದನ್ನೇ ನೀವು ಆರಿಸಿಕೊಂಡಿದ್ದೀರಿ. ಅದಕ್ಕೆ ನಾಲ್ಕನೆಯದೊಂದನ್ನು ತಯಾರಾಗಿಟ್ಟುಕೊಳ್ಳಿ. ಅವರ ಮಾತಿನಿಂದ ಒಂದು ತುಣುಕನ್ನು ಹಿಡಿದು ಅಲ್ಲೇ ಒಂದು ವಾಕ್ಯ ಹೊಸೆಯಲು ಬಂದರೆ ಇನ್ನೂ ಒಳ್ಳೆಯದು. ಆ ಗಳಿಗೆಯಲ್ಲಿ ಹುಟ್ಟಿದ ಸಾಧಾರಣ ವಾಕ್ಯಕ್ಕೂ, ತಿಂಗಳಿಂದ ಮಸೆದ ವಾಕ್ಯಕ್ಕೆ ಸಿಗುವುದಕ್ಕಿಂತ ಜೋರಾದ ನಗು ಸಿಗುತ್ತದೆ.